ಗೋಡೆ ಹಾರಿದ ಕೋಳಿಗಳು

ಹಿತ್ತಲಲ್ಲಿ ನಾಲ್ಕು ಕೋಳಿ ಇದ್ದರೆ ಮನೆಗೆ ಟೀವಿ ಬೇಕಾಗುವುದಿಲ್ಲ. ದಿನಕ್ಕೊಂದು ಜಗಳ, ವಾರಕ್ಕೊಂದು ನಗೆಪಾಟಲು ಬಿಟ್ಟಿ ಸಿಗುತ್ತವೆ. ನಮ್ಮದು ಹುಬ್ಬಳ್ಳಿಯ ಬೆಂಗೇರಿ. ನಾನು ಸಾಲಿ ಮೆಟ್ಟಿಲು ಹತ್ತಿದವಳಲ್ಲ. ರೊಟ್ಟಿ ಸುತ್ತಿಕೊಡುವ ಹಳೆ ಪೇಪರುಗಳನ್ನು ಓದಿ ಓದಿ ಅಕ್ಷರ ಕಲಿತೆ. ರೊಟ್ಟಿ ಬಡಿದು ಈ ಮನೆ ಕಟ್ಟಿಸಿದೆ. ಮುರಿದ ರೊಟ್ಟಿ ದಂಡವಾಗಬಾರದೆಂದು ಕೋಳಿ ಸಾಕಿದೆ. ಎಲ್ಲವೂ ಜವಾರಿ. ಇವು ಫಾರ್ಮಿನ ಕೋಳಿಗಳ ಹಾಗೆ ತತ್ತಿ ಇಟ್ಟು ಸುಮ್ಮನಾಗುವ ಜಾತಿಯಲ್ಲ. ಮನಸ್ಸಿಗೆ ಬಂದಾಗ, ಮನಸ್ಸಿಗೆ ಬಂದಲ್ಲಿ ಕಾವಿಗೆ ಕುಳಿತುಬಿಡುತ್ತವೆ. ಕಾವಿಗೆ ಕುಳಿತ ಹ್ಯಾಟಿಯನ್ನು, ಅಂದರೆ ಹೆಣ್ಣು ಕೋಳಿಯನ್ನು, ಎಬ್ಬಿಸುವುದು ಯಾರಿಂದಲೂ ಆಗದ ಕೆಲಸ. ಹಟದಲ್ಲಿ ಅದು ನನ್ನ ಹಾಗೇ ಎಂದು ನಮ್ಮ ಮನೆಯವರು ಹೇಳುತ್ತಾರೆ. ನಾನು ಅದನ್ನು ಹೊಗಳಿಕೆ ಅಂತಲೇ ತೆಗೆದುಕೊಂಡಿದ್ದೇನೆ.

ಗಡುವು

ಪಕ್ಕದ ಮನೆಯಲ್ಲಿ ಒಬ್ಬರು ಅಕ್ಕಾರು ಇದ್ದಾರೆ. ಸಾಲಿಯಲ್ಲಿ ಕಲಿಸಿ ನಿವೃತ್ತರಾದವರು. ದಿನಾ ತಪ್ಪದೆ ಲಿಂಗಪೂಜೆ. ತತ್ತಿ ಎಂಬ ಮಾತು ಕಿವಿಗೆ ಬಿದ್ದರೂ ಮುಖ ತಿರುಗಿಸುತ್ತಾರೆ. ನಮ್ಮಿಬ್ಬರ ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆ. ಮಳೆ ಹಿಡಿದಾಗ ಅಕ್ಕಾರು ಪೂಜೆಗೆಂದು ಚೆಂಡುಹೂವಿನ ಸಸಿ ಹಚ್ಚಿದರು. ನನ್ನ ಕೋಳಿಗಳು ಗೋಡೆ ಹಾರಿ ಹೋಗಿ, ಮಣ್ಣು ಕೆದರಿ, ಸಸಿಗಳನ್ನೆಲ್ಲ ಅಂಗಾತ ಮಲಗಿಸಿ ಬಂದವು.

"ಏನವಾ, ಶ್ರಾವಣ ಹತ್ತೂದ್ರೊಳಗ ಈ ಕೋಳಿ ಖಾಲಿ ಆಗಬೇಕು ನೋಡು. ಇಲ್ಲಾಂದ್ರ ಪಾಲಿಕೆಗೆ ದೂರು ಕೊಡತೇನಿ. ಬಂದು ಹಿಡಕೊಂಡು ಹೋಗತಾರ," ಅಂದರು.

ನನಗೆ ಸಿಟ್ಟು ಬಂತು. "ಕೊಡ್ರಿ ಅಕ್ಕಾರ, ಯಾರು ಬ್ಯಾಡ ಅಂದ್ರು? ರೆಕ್ಕಿ ಇದ್ದದ್ದು ಹಾರೂದ. ಇಷ್ಟು ಗಿಡ್ಡ ಗೋಡಿ ಯಾವ ಶಾಣ್ಯಾ ಕಟ್ಟಿಸ್ಯಾನೋ, ಮೊದಲ ಅವನ್ನ ಕೇಳ್ರಿ!"

ಅಕ್ಕಾರು ಗೋಡೆಯ ಮೇಲೆ ಕೈಯಿಟ್ಟು ನನ್ನನ್ನು ನಿಧಾನವಾಗಿ ನೋಡಿದರು.

"ನೀನ ಕಟ್ಟಿಸಿದ್ದವಾ. ಎರಡು ಸಾಲು ಇಟ್ಟಂಗಿ ಉಳಿಸೂ ಸಲುವಾಗಿ."

ಹೆಲ್ಮೆಟ್ಟು

ಕೋಳಿ ಖಾಲಿ ಮಾಡು ಅಂದಿದ್ದಕ್ಕೆ ನಾನು ಮಾಡಿದ ಮೊದಲ ಕೆಲಸವೆಂದರೆ ಇನ್ನಷ್ಟು ಮರಿ ಎಬ್ಬಿಸುವ ತಯಾರಿ. ಬುಟ್ಟಿಗೆ ಬೂದಿ ಹಾಕಿ, ಹುಲ್ಲು ಹಾಸಿ ಕಾದೆ. ಕರಿ ಹ್ಯಾಟಿ ಆ ಬುಟ್ಟಿಯ ಕಡೆ ತಿರುಗಿಯೂ ನೋಡಲಿಲ್ಲ. ಆಗ ನಮ್ಮ ಮನೆಯವರು ಕಾಲು ಉಳುಕಿಸಿಕೊಂಡು ಮನೆಯಲ್ಲೇ ಇದ್ದರು. ಅವರ ಹೆಲ್ಮೆಟ್ಟು ಹಿತ್ತಲ ಕಟ್ಟೆಯ ಮೇಲೆ ಅಂಗಾತ ಬಿದ್ದಿತ್ತು. ಹ್ಯಾಟಿ ಅದರೊಳಗೆ ದಿನಕ್ಕೊಂದರಂತೆ ತತ್ತಿ ಇಟ್ಟು, ಒಂದು ಮುಂಜಾನೆ ಕಾವಿಗೆ ಕುಳಿತೇಬಿಟ್ಟಿತು.

ಕಾಲು ನೆಟ್ಟಗಾದ ಮೇಲೆ ಇವರು ಬರಿದಲೆಯಲ್ಲಿ ಗಾಡಿ ಹತ್ತಿ ಹೋದರು. ಮೊದಲ ಚೌಕದಲ್ಲೇ ಪೊಲೀಸರು ಹಿಡಿದರು.

"ಹೆಲ್ಮೆಟ್ ಎಲ್ಲೈತ್ರಿ ಯಜಮಾನ್ರ?"

"ಅದರಾಗ ಕೋಳಿ ಕಾವಿಗೆ ಕುಂತೈತ್ರಿ ಸರ."

ಪೊಲೀಸಪ್ಪ ಅದನ್ನು ನಂಬುತ್ತಾನೆಯೇ? ನನಗೆ ವಿಡಿಯೋ ಕಾಲ್ ಮಾಡಿಸಿದ. ನಾನು ಫೋನನ್ನು ಹ್ಯಾಟಿಯ ಮುಂದೆ ಹಿಡಿದೆ. ಅದು ಪುಕ್ಕ ಉಬ್ಬಿಸಿಕೊಂಡು, ಗುರ್ ಅಂದು, ಪೊಲೀಸಪ್ಪನ ಮುಖ ಕಾಣುತ್ತಿದ್ದ ಜಾಗಕ್ಕೇ ಕುಕ್ಕಿತು. ಅವನು ಆ ಕಡೆ ಒಂದು ಹೆಜ್ಜೆ ಹಿಂದೆ ಸರಿದನಂತೆ.

"ಹೋಗ್ರಿ, ಹೋಗ್ರಿ," ಅಂದ. "ಹೆಲ್ಮೆಟ್ ಇಲ್ಲದ್ದಕ್ಕ ಎಲ್ಲಾ ನಮೂನಿ ನೆವಾ ಕೇಳೇನಿ. ಸಾಕ್ಷಿ ನನಗ ಕಚ್ಚಾಕ ಬಂದಿದ್ದು ಇದ ಮೊದಲು."

ಟಿಕೆಟ್

ಆಷಾಢ ಹತ್ತಿತು, ಗಡುವಿಗೆ ಉಳಿದದ್ದು ಒಂದೇ ತಿಂಗಳು. ನಮ್ಮ ಮನೆಯವರಿಗೆ ಅಳುಕು. "ಕೋಳಿ ಎಲ್ಲಾ ಶಿರಗುಪ್ಪಿಗೆ ನಿನ್ನ ತಂಗಿ ಮನಿಗೆ ಬಿಟ್ಟು ಬಾ. ಪಂಜರ ತಗೊಂಡು ಬಂದ್ರ ಏನ ಮಾಡ್ತಿ?" ಅಂದರು. ನಾನು ಒಪ್ಪಲಿಲ್ಲ. ಆದರೂ ಒಂದು ದಿನ ಚುಕ್ಕಿ ಹ್ಯಾಟಿಯನ್ನು ತತ್ತಿಗಳ ಸಮೇತ ಬುಟ್ಟಿಯಲ್ಲಿ ಕೂಡಿಸಿಕೊಂಡು ಬಸ್ಸು ಹತ್ತಿದೆ. ಹೆದರಿ ಅಲ್ಲ. ತಂಗಿಯ ಕೋಳಿಗಳು ಕಾವಿಗೆ ಕೂಡುತ್ತಿರಲಿಲ್ಲ, ಅದಕ್ಕೆ. ಕೇಳಿದವರಿಗೆಲ್ಲ ಹಾಗೇ ಹೇಳಿದೆ.

ಕಂಡಕ್ಟರ್ ಬಂದ. "ಕೋಳಿಗೆ ಟಿಕೆಟ್ ತಗೋಬೇಕ್ರಿ."

"ಹೆಣ್ಣಮಕ್ಕಳಿಗೆ ಫ್ರೀ ಅಲ್ಲೇನಪಾ? ಇದು ಹ್ಯಾಟಿ. ಬೇಕಾರ ನೋಡಕೋ."

ಬಸ್ಸಿಗೆ ಬಸ್ಸೇ ನಕ್ಕಿತು. ಗೆದ್ದೆ ಅಂದುಕೊಂಡು ನಾನು ಕಿಟಕಿಯ ಕಡೆ ಮುಖ ಮಾಡಿದೆ. ಕಂಡಕ್ಟರ್ ಹೋಗಲಿಲ್ಲ. ಬುಟ್ಟಿಯ ಮೇಲಿನ ಅರಿವೆ ಸರಿಸಿ ಒಳಗೆ ಇಣುಕಿದ.

"ಆತ್ರಿ, ಅಕಿಗೆ ಫ್ರೀ. ಕೆಳಗ ಇದ್ದದ್ದರಾಗ ಹುಂಜ ಎಷ್ಟು ಅದಾವ ಅಷ್ಟು ಹೇಳಿಬಿಡ್ರಿ. ಅವಕ್ಕ ಟಿಕೆಟ್ ಹರೀತೇನಿ."

ಬಾಣಂತನ

ನಾನು ಶಿರಗುಪ್ಪಿಯಿಂದ ಬರುವಷ್ಟರಲ್ಲಿ ನನ್ನ ಕೆಂಪು ಕೋಳಿ, ಕೆಂಪಿ, ಕಾಣೆಯಾಗಿತ್ತು. ನನ್ನ ಹಿಂಡಿನಲ್ಲೇ ಛಲೋ ಹ್ಯಾಟಿ ಅದು. ಓಣಿಯೆಲ್ಲ ಹುಡುಕಿದೆ. "ನಾಯಿ ಒಯ್ದಿರಬೇಕು," ಅಂದರು ನಮ್ಮ ಮನೆಯವರು. ನನ್ನ ಸಂಶಯ ಮಾತ್ರ ಗೋಡೆಯ ಆಚೆಗೇ ಹೋಗುತ್ತಿತ್ತು. ಒಂದು ವಾರ ತಡೆದುಕೊಂಡೆ. ಆಮೇಲೆ ಸೆರಗು ಸಿಕ್ಕಿಸಿಕೊಂಡು ಅಕ್ಕಾರ ಮನೆಗೆ ಜಗಳಕ್ಕೇ ಹೋದೆ.

ಬಾಗಿಲು ತೆರೆದ ಅಕ್ಕಾರು ಬಾಯಿ ಮೇಲೆ ಬೆರಳಿಟ್ಟರು. "ಮೆಲ್ಲಗ ಮಾತಾಡು. ಈಗಷ್ಟ ಕಣ್ಣು ಮುಚ್ಯಾಳ."

ಹಿಂದಿನ ಬಚ್ಚಲಿಗೆ ಕರೆದೊಯ್ದರು. ಕಟ್ಟಿಗೆಯ ಸಂದಿಯಲ್ಲಿ, ಮಡಿಚಿದ ಕೌದಿಯ ಮೇಲೆ ಕೆಂಪಿ ಕುಳಿತಿತ್ತು. ಗಾಳಿ ಬಡಿಯಬಾರದೆಂದು ಹಳೆ ಸೀರೆಯ ಪರದೆ. ಮುಂದೆ ಬಟ್ಟಲಲ್ಲಿ ನೆನೆಸಿದ ಜೋಳ, ಮೇಲೆ ತುರಿದ ಒಣಕೊಬ್ಬರಿ.

"ಅಕ್ಕಾರ, ಕೆಳಗ ತತ್ತಿ ಅದಾವ್ರಿ!"

"ತತ್ತಿ ಅನಬ್ಯಾಡ. ಕೂಸು ಅನ್ನು."

"ನಾ ಮನಿಗೆ ಒಯ್ತೇನ್ರಿ."

"ದಿನಾ ತುಂಬಿದಾಕೀನ್ನ ಎಬ್ಬಿಸಿಕೊಂಡು ಹೋಗತಾರೇನು? ನನಗ ಎರಡೂ ಗಂಡಹುಡುಗ್ರು. ಮಗಳೊಬ್ಬಾಕಿ ಇದ್ದು, ಬಾಣಂತನಕ್ಕ ಬರಬೇಕಿತ್ತು ಅನ್ನೂ ಆಸೆ ಹಂಗ ಉಳೀತು. ಇಕಿ ತಾನಾಗಿ ಬಂದಾಳ. ನಾ ಕಳಸೂದಿಲ್ಲ."

ನಾನು ಸಿಕ್ಕಿಸಿದ್ದ ಸೆರಗು ಬಿಚ್ಚಿದೆ. "ಹಂಗಾರ ಪಾಲಿಕೆ ದೂರು?" ಅಂದೆ.

ಅಕ್ಕಾರ ಮುಖ ಸಣ್ಣದಾಯಿತು. "ಗಡುವಿನ ತನಕಾ ತಡೀಲಾರದ, ಅದನ್ನ ಇಕಿ ಬರೂಕಿಂತ ಮೊದಲ ಕೊಟ್ಟುಬಿಟ್ಟೇನಿ."

ಒಂಬತ್ತು ಮರಿ ಆದವು. ಅಕ್ಕಾರು ಓಣಿಗೆಲ್ಲ ಸಕ್ಕರೆ ಹಂಚಿದರು. ನನ್ನ ಕೈಗೂ ಒಂದು ಚಿಟಿಕೆ ಹಾಕಿ, "ತಗೋ ಬೀಗತಿ," ಅಂದರು. ನಾನು ಹೋಗಿ ಮರಿ ನೋಡಿ ಬಂದೆ. ನನ್ನವೇ ಮರಿ ನೋಡಲು ಏನು ಒಯ್ಯುವುದು? ಹಾಗೇ ಹೋಗಿದ್ದೆ.

ಶ್ರಾವಣದ ಮೊದಲ ಸೋಮವಾರ ಪಾಲಿಕೆಯವರು ಬಂದೇಬಿಟ್ಟರು. ಗಾಡಿಯಲ್ಲಿ ಖಾಲಿ ಪಂಜರ ಇತ್ತು. ಸಾಹೇಬರು ನನ್ನ ಗೇಟು ತೆರೆಯುವಷ್ಟರಲ್ಲಿ ಅಕ್ಕಾರು ಗೋಡೆಯ ಮೇಲಿಂದ ಕರೆದರು. "ಇತ್ತ ಬರ್ರಿ. ದೂರು ನಂದು." ನಾನೂ ಬೆನ್ನಿಗೇ ಹೋದೆ.

"ಚಪ್ಪಲ್ ಅಲ್ಲೇ ಬಿಡ್ರಿ. ಕಾಲು ತೊಳಕೊಳ್ರಿ. ಒಳಗ ಬಾಣಂತಿ ಅದಾಳ, ಕೋಳಿ."

ಸಾಹೇಬರು ಕಾಲು ತೊಳೆದುಕೊಂಡು ಬಚ್ಚಲಿಗೆ ಬಂದರು. ಕೌದಿಯ ಮೇಲಿನ ಕೆಂಪಿಯನ್ನೂ, ರೆಕ್ಕೆಯ ಕೆಳಗಿಂದ ಇಣುಕುತ್ತಿದ್ದ ಮರಿಗಳನ್ನೂ ನೋಡಿದರು.

"ಅಕ್ಕಾರ, ಬಾಜೂ ಮನಿ ಕೋಳಿ ತ್ರಾಸ ಕೊಡತಾವ ಅಂತ ಬರದೀರಿ. ಕೋಳಿ ನಿಮ್ಮ ಮನ್ಯಾಗ ಅದಾವಲ್ರಿ!"

"ಕೋಳಿ ತ್ರಾಸ ಇಲ್ರಿ. ದೂರಿನಾಗ ಕೋಳಿ ಅನ್ನೂ ಮಾತಿಗೆ ಅಷ್ಟು ಗೀಟು ಹೊಡೀರಿ. ಬಾಜೂ ಮನಿ ತ್ರಾಸ ಅನ್ನೂದು ಮಾತ್ರ ಹಂಗ ಇರಲಿ." ಅಕ್ಕಾರು ನನ್ನ ಕಡೆ ಕೈ ಮಾಡಿದರು. "ಇಕೀನ ಅತ್ತಿಮನಿಯಾಕಿ. ಒಂಬತ್ತು ಹಡದಾಕೀನ್ನ ನೋಡಾಕ ಬರಿಗೈಲೆ ಬಂದಿದ್ಲು. ಕೂಸಿನ ತಲಿಗೆ ಒಂದು ಕುಂಚಿಗಿ ಇಲ್ಲ, ಒಂದು ಬೊಗಸಿ ನುಚ್ಚಿಲ್ಲ. ಬರಕೊಳ್ರಿ ಇದನ್ನ."

ಪಂಜರದ ಮಾತು ನನಗೆ ಮರೆತೇಹೋಯಿತು. "ಮೊದಲ ಇವರನ್ನ ಕೇಳ್ರಿ ಸಾಹೇಬ್ರ. ತವರಿನವರು ಅಂತಾರಲ್ಲ, ಬಸರಿ ಇದ್ದಾಗ ಕುಬಸಾ ಮಾಡ್ಯಾರೇನು? ಒಂದು ಹಸರಬಳಿ ಆದ್ರೂ ಏರಿಸ್ಯಾರೇನು?"

"ಸೊಸಿ ಮನಿ ಬಿಟ್ಟು ವಾರಾದ್ರೂ ಹೊಳ್ಳಿ ನೋಡದಾಕಿ ಕುಬಸದ ಮಾತಾಡತಾಳ ನೋಡ್ರಿ!"

"ಸೊಸೀನ್ನ ಅಡಗಿಸಿ ಇಟ್ಕೊಂಡವ್ರು ಯಾರ್ರಿ?"

ಸಾಹೇಬರು ಒಮ್ಮೆ ಅಕ್ಕಾರನ್ನು, ಒಮ್ಮೆ ನನ್ನನ್ನು ನೋಡಿದರು. ಪೆನ್ನು ಕಿಸೆಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಿರಬಿರನೆ ಹೊರಗೆ ನಡೆದರು. ಗಾಡಿಯವನು ಪಂಜರ ಇಳಿಸುತ್ತಿದ್ದ.

"ಏರಿಸಪಾ, ಏರಿಸು, ಲಗೂ ಗಾಡಿ ತಿರುವು," ಅಂದರು. "ಕೋಳಿ ಜಗಳಾ ಆಗಿದ್ರ ಹಿಡಕೊಂಡು ಹೋಗಬಹುದಿತ್ತು. ಇದು ಬೀಗರ ಜಗಳಾ. ನಡುವ ನಿಂತ್ರ ನಮ್ಮನ್ನ ಪಂಜರದಾಗ ಹಾಕಿ ಕಳಸತಾರ."