ಎಂಟು ಹಂದಿಗಳ ಹೊದಿಕೆ

ತೆರೇಮೊ ಒಂದೊಂದೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೆಸಿಫಿಕ್ ಸಾಗರದ ಮಂಗಾಯಾ ದ್ವೀಪದ ಚರ್ಚಿನ ಪಡಸಾಲೆಯಲ್ಲಿ ಚಾಪೆ ಹಾಸಿ ಕೂತ ಹನ್ನೊಂದು ಹೆಂಗಸರಿಗೂ ಕಣ್ಣು ಮಂದ, ಬಾಯಿ ಮಾತ್ರ ಚುರುಕು. ಒಂಬತ್ತು ವರ್ಷದಿಂದ ಅವಳಿಗೆ ಇದೇ ಕೆಲಸ. ಆಸೆ ಬೇರೆ: ತಿವೈವೈಗೆ, ಅಂದರೆ ಮಡಿಸಿದ ಬಟ್ಟೆ ಕತ್ತರಿಸಿ ಇನ್ನೊಂದರ ಮೇಲೆ ಹೊಲಿಯುವ ಹೊದಿಕೆಗೆ, ತಾನೇ ಚಿತ್ತಾರ ಬರೆದು ಕತ್ತರಿಸಬೇಕು. ಚಿತ್ತಾರ ಯಾರದೋ ಹೊದಿಕೆ ಅವರ ಹೆಸರಿನದು. ಈ ಸಲದ್ದು ಊರು ಬಿಡುತ್ತಿರುವ ಪಾದ್ರಿಗೆ ಬೀಳ್ಕೊಡುಗೆ; ಅದನ್ನು ಅವರ ಹೆಗಲಿಗೆ ಹೊದಿಸುವವಳೂ ಚಿತ್ತಾರ ಬರೆದವಳೇ.

ಹಿಂದಿನ ತಿಂಗಳು ಅವಳು ಬರೆದ ದಾಸವಾಳವನ್ನು ಗುಂಪಿನ ಯಜಮಾನಿ ತೆಪೆರಜ್ಜಿ ತಲೆಕೆಳಗು ಮಾಡಿ ನೋಡಿ, "ಇದೇನೇ, ತುಳಿದ ಏಡಿ ಇದ್ದಂಗಿದೆ. ನಿನ್ ಬದುಕಲ್ಲಿ ಏನಿದೆ ಅಂತ ಮೊದ್ಲು ಬರ್ದು ನೋಡು, ಆಮೇಲೆ ಚಿತ್ತಾರ," ಎಂದಿದ್ದಳು. ಅಜ್ಜಿ ಹೇಳಿದ್ದು ಬಾಯಿ ಮುಚ್ಚಿಸಲಿಕ್ಕೆ. ತೆರೇಮೊ ನಿಜವೆಂದು ನಂಬಿ ದಿನಾ ಬರೆಯಲು ಒಂದು ಪುಸ್ತಕ ಕೊಂಡಳು.

ಮೂರು ದಿನ 'ಸೂಜಿಗೆ ದಾರ ಹಾಕಿದೆ' ಎಂದಷ್ಟೇ ಬರೆದಳು. ನಾಲ್ಕನೆಯ ದಿನ ಹಂದಿ ಬಂತು. ಪಕ್ಕದ ಮನೆಯ ಅಕೈತಿಯಕ್ಕನ ಕೆಸುವಿನ ಗದ್ದೆಗೆ ನುಗ್ಗಿ, ಮದುವೆಮನೆಗೆ ಬಂದ ಬೀಗನ ಹಾಗೆ ಆರಾಮವಾಗಿ ಮೆದ್ದು ಹೋಯಿತು. ಆಮೇಲೆ ಪ್ರತಿ ಪುಟದಲ್ಲೂ ಹಂದಿಯೇ. ತಿಂಗಳ ಕೊನೆಗೆ ಓದಿ ನೋಡಿದರೆ ಒಂದೇ ಒಂದು ಹೂವಿಲ್ಲ. ಹೂವೆಲ್ಲ ಬೇರೆಯವರ ಹೊದಿಕೆ ನೋಡಿ ಬರೆದದ್ದು, ತನ್ನ ಕಣ್ಣಾರೆ ಕಂಡದ್ದು ಹಂದಿಯೊಂದೇ ಎಂದು ಅವಳಿಗೆ ಹೊಳೆಯಿತು.

ಇವತ್ತು ಬಟ್ಟೆ ಕತ್ತರಿಸುವ ದಿನ. ಹೆಂಗಸರು ಊಟಕ್ಕೆ ಎದ್ದಾಗ ಧೈರ್ಯ ಮಾಡಿ, ಮಡಿಸಿಟ್ಟಿದ್ದ ಕೆಂಪು ಬಟ್ಟೆಯ ಮೇಲೆ ಹಂದಿ ಬರೆದು ಕತ್ತರಿ ಆಡಿಸಿದಳು. ಹರಿದ ಕಿವಿ, ಬಾಯಲ್ಲಿ ಕೆಸುವಿನ ಎಲೆ. ಪುಸ್ತಕದಲ್ಲಿ ಒಂದೇ ಹಂದಿ ಇದ್ದದ್ದರಿಂದ ತಲೆಯಲ್ಲೂ ಒಂದೇ ಇತ್ತು. ಬಟ್ಟೆ ಎಂಟು ಪದರವಿದ್ದದ್ದು ಮರೆತೇಹೋಗಿತ್ತು. ಊಟ ಮುಗಿಸಿ ಬಂದವರು ಬಿಡಿಸಿ ನೋಡಿದರೆ ಎಂಟು ಹಂದಿಗಳು ಮೂತಿಗೆ ಮೂತಿ ತಾಗಿಸಿ ಮೇಯುತ್ತಿದ್ದವು.

ಆ ಹರಿದ ಕಿವಿ ಇಡೀ ಊರಿಗೇ ಗೊತ್ತು. ತನ್ನ ಹಂದಿ ಹಗ್ಗ ಬಿಚ್ಚಿಕೊಂಡೇ ಇಲ್ಲ, ಅಕೈತಿಯ ಗದ್ದೆಗೆ ಹೋಗೇ ಇಲ್ಲವೆಂದು ತೆಪೆರಜ್ಜಿ ಬೈಬಲಿನ ಮೇಲೆ ಕೈಯಿಟ್ಟು ಹೇಳಿ ಇನ್ನೂ ತಿಂಗಳಾಗಿರಲಿಲ್ಲ.

"ಗುರುತು ಸಿಕ್ತಾ ಅಜ್ಜಿ?" ಎಂದಳು ಅಕೈತಿಯಕ್ಕ, ಸಕ್ಕರೆಯಂಥ ದನಿಯಲ್ಲಿ.

ದಾರ ಪೋಣಿಸುವ ಕೆಲಸವೂ ಹೋಯಿತೆಂದು ತೆರೇಮೊ ತಲೆ ತಗ್ಗಿಸಿದಳು. ಅಷ್ಟರಲ್ಲಿ ಪಾದ್ರಿಯ ಹೆಂಡತಿ ಇಣುಕಿದರು. ಇಷ್ಟು ವರ್ಷ ಕಂಡ ಹೊದಿಕೆಗಳಲ್ಲೆಲ್ಲ ಹೂವೇ ಹೂವು, ಇಂಥದ್ದು ಇದೇ ಮೊದಲು, ಯಾರ ಚಿತ್ತಾರ ಎಂದು ಕೇಳಿದರು.

ಅಜ್ಜಿ ಬಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. "ಹಂದಿ ನಂದು. ಹಗ್ಗ ಬಿಚ್ಕೊಂಡು ಹೋಗಿದ್ದೂ ನಿಜ. ಅಂದ್ಮೇಲೆ ಚಿತ್ತಾರಾನೂ ನಂದೇ."

"ಬಾಯಲ್ಲಿರೋ ಕೆಸು ನಂದು," ಎಂದಳು ಅಕೈತಿಯಕ್ಕ. "ಕೆಸು ಇಲ್ದಿದ್ರೆ ಹಂದಿ ಯಾಕೆ ಬರ್ತಿತ್ತು? ಅರ್ಧ ಹೊದಿಕೆ ನಂದು."

ಪಾದ್ರಿಯ ಬಲಹೆಗಲು ಯಾರಿಗೆ, ಎಡಹೆಗಲು ಯಾರಿಗೆ ಎಂದು ಜಗಳ ಶುರುವಾಯಿತು. ಉಳಿದವರು ಮುಂದಿನ ಹೊದಿಕೆಯ ಚಿತ್ತಾರಕ್ಕೆ ತಮ್ಮ ತಮ್ಮ ಕೋಳಿ, ಮೇಕೆಗಳ ಹೆಸರು ಕೊಟ್ಟರು. ಜಗಳದ ನಡುವೆಯೇ ಅಜ್ಜಿ, ತಿರುಗಿಯೂ ನೋಡದೆ, ದಾರವಿಲ್ಲದ ಸೂಜಿಯೊಂದನ್ನು ತೆರೇಮೊಳ ಕಡೆ ಚಾಚಿದಳು. ಕತ್ತರಿ ಆಗಲೇ ಅಜ್ಜಿಯ ತೊಡೆಯ ಕೆಳಗೆ ಸೇರಿತ್ತು.

ತೆರೇಮೊ ದಾರ ಪೋಣಿಸಿ ಕೊಟ್ಟಳು.

"ಅಜ್ಜೀ, ಕತ್ತರಿ ಸ್ವಲ್ಪ ಕೊಡ್ತೀರಾ? ಬಾಲ ಇನ್ನೂ ಬಾಕಿ ಇದೆ," ಎಂದಳು. ಅಜ್ಜಿ ಕತ್ತರಿ ಬಿಡಲಿಲ್ಲ; ಅವಳು ಕೈ ಚಾಚಿ ಇನ್ನೊಮ್ಮೆ ಕೇಳಿದಳು.