ಅಪ್ಪನ ಕೆಮ್ಮಿಗೆ ನನ್ನ ಫೈಲು

ಶ್ವಾಸಕೋಶದ ಡಾಕ್ಟರಮ್ಮನನ್ನು ಮೊದಲ ಸಲ ಕಂಡದ್ದು ಒಂದು ಸೋಮವಾರ, ಹನ್ನೊಂದು ಗಂಟೆಗೆ. ಅವರ ಮೇಜಿನ ಒಂದು ಕಾಲಿಗೆ ಮಡಚಿದ ರಟ್ಟು ಕೊಟ್ಟಿದ್ದರು. ನಾನು ಫೈಲು ಇಟ್ಟ ಭಾರಕ್ಕೆ ಅದು ಜಾರಿ ಮೇಜು ವಾಲಿತು. ನಮ್ಮ ವಂಶದಲ್ಲಿ ಡಿಗ್ರಿ ಮಾಡಿದ ಮೊದಲಿಗ ನಾನು. ಅಪ್ಪನ ಕೆಮ್ಮನ್ನೂ ಪರೀಕ್ಷೆಗೆ ಓದಿದ ಹಾಗೆಯೇ ಓದಿ ಆ ಫೈಲು ತುಂಬಿಸಿದ್ದೆ. ಅಪ್ಪ ದರ್ಜಿ. ಒಳಗೆ ಕಾಲಿಡುವಾಗಲೂ ನಮ್ಮ ಜಗಳ ನಡೆದೇ ಇತ್ತು.

ಅಪ್ಪ: ಅಂಗಡಿ ಬಾಗಿಲು ಹಾಕಿಸಿ ಎರಡು ತಿಂಗಳಾಯ್ತು ಕಣೋ. ಮಿಷನ್ನು ತುಕ್ಕು ಹಿಡಿಯುತ್ತೆ.

ನಾನು: ಮಿಷನ್ನಿಗೆ ಎಣ್ಣೆ ಬಿಡಬಹುದು. ಶ್ವಾಸಕೋಶಕ್ಕೆ ಬಿಡ್ತೀಯಾ?

ಡಾಕ್ಟರು: (ಸ್ಕ್ಯಾನನ್ನು ಬೆಳಕಿಗೆ ಹಿಡಿದು) ಗಾಯ ಆರಿದ ಜಾಗ ಗಟ್ಟಿಯಾಗುತ್ತಲ್ಲ, ಹಾಗೆ ಇಲ್ಲಿ ಕಲೆ ಕಟ್ಟಿದೆ. ಆ ಜಾಗ ಸರಿಯಾಗಿ ಹಿಗ್ಗಲ್ಲ, ಅದಕ್ಕೇ ಏದುಸಿರು. ಯಜಮಾನ್ರೇ, ಬೀಡಿ, ಸಿಗರೇಟು?

ನಾನು: ಇಲ್ಲ ಮೇಡಂ.

ಡಾಕ್ಟರು: ಕಲ್ಲುಗಣಿ, ಸಿಮೆಂಟು ಕೆಲಸ?

ನಾನು: ಇಲ್ಲ.

ಡಾಕ್ಟರು: ಕೀಲುನೋವು? ಬೇರೆ ಕಾಯಿಲೆಗೆ ಬಹಳ ದಿನದಿಂದ ಮಾತ್ರೆ?

ನಾನು: ಅದೂ ಇಲ್ಲ, ಪುಟ ಹದಿನೇಳು ನೋಡಿ ಮೇಡಂ.

ಡಾಕ್ಟರು: ಕೆಮ್ಮು ಯಾರಿಗಪ್ಪಾ, ನಿನಗೋ ಅವರಿಗೋ?

ಅಪ್ಪ: ಕೆಮ್ಮು ನಂದೇ ತಾಯಿ. ಉಳಿದದ್ದೆಲ್ಲಾ ಇವನದ್ದು.

ನಾನು: ಕಾರಣ ಬಟ್ಟೆ ಧೂಳು ಮೇಡಂ. ಸಾಕ್ಷಿ ಇದೆ. ಅಂಗಡಿ ಮುಚ್ಚಿಸಿ ಹತ್ತು ದಿನ ಸೋದರತ್ತೆ ಮನೆಗೆ ಕಳಿಸಿದೆ. ಕೆಮ್ಮು ಅರ್ಧಕ್ಕೆ ಇಳೀತು!

ಅಪ್ಪ ತಮ್ಮ ಚಪ್ಪಲಿ ನೋಡತೊಡಗಿದರು.

ಡಾಕ್ಟರು: ಏನು ಯಜಮಾನ್ರೇ?

ಅಪ್ಪ: ತಂಗಿ ಮನೇಲಿ ಒಂದು ಹಳೇ ಮಿಷನ್ನಿತ್ತು. ಪರದೆ, ದಿಂಬಿನ ಕವರು, ಪಕ್ಕದ ಮನೆಯವರ ಪ್ಯಾಂಟು... ಬೆಳಗಿಂದ ಸಂಜೆವರೆಗೂ ಹೊಲಿದೆ.

ನಾನು: ಅಪ್ಪಾ! ಫೋನಲ್ಲಿ ಸುಮ್ನೆ ಕೂತಿದೀನಿ ಅಂದೆಯಲ್ಲ?

ಅಪ್ಪ: ನಿಂತು ಹೊಲಿಯೋಕಾಗುತ್ತೇನೋ?

ನನ್ನ ಸಾಕ್ಷಿ ಅಲ್ಲಿಗೆ ಮಣ್ಣುಪಾಲಾಯಿತು.

ಡಾಕ್ಟರು: ಅಂದ್ರೆ ಹೊಲಿದರೂ ಕೆಮ್ಮು ಇಳೀತು. ನಿಮ್ಮ ಮನೇಲಿದ್ದು ಅಲ್ಲಿ ಇಲ್ಲದ್ದು ಏನು? ಪಾರಿವಾಳ, ಗಿಳಿ ಏನಾದ್ರೂ ಸಾಕಿದೀರಾ?

ಅಪ್ಪ: ಹಕ್ಕಿ ಇಲ್ಲ ತಾಯಿ, ಗರಿ ಇದೆ. ಮೂರು ವರ್ಷದ ಹಿಂದೆ ಇವನು ಮೊದಲ ಸಂಬಳದಲ್ಲಿ ಕೊಡಿಸಿದ ಹೊದಿಕೆ. ಒಳಗೆಲ್ಲಾ ಬಾತುಕೋಳಿ ಗರಿ. ಮೂಗಿಗೆ ಪುಡಿ ಬರುತ್ತೆ. ಆದ್ರೂ ಮಗ ಕೊಡಿಸಿದ್ದಲ್ವಾ, ತಂಗಿ ಮನೆಗೆ ಒಯ್ಯಲಿಲ್ಲ ಅನ್ನೋದು ಬಿಟ್ರೆ ಒಂದು ದಿನಾನೂ ಬಿಟ್ಟಿಲ್ಲ. ಕೆಮ್ಮು ಜಾಸ್ತಿಯಾದ ಮೇಲೆ ಹಗಲಲ್ಲೂ ಇವನೇ ಕತ್ತಿನವರೆಗೆ ಹೊದಿಸ್ತಾನೆ.

ಡಾಕ್ಟರಮ್ಮ ಫೈಲನ್ನು ಕೊನೆಯವರೆಗೂ ತಿರುವಿದರು.

ಡಾಕ್ಟರು: ಅರವತ್ತು ಪುಟದಲ್ಲಿ ಹೊದಿಕೆ ಎಲ್ಲೂ ಇಲ್ಲವಲ್ಲ?

ನಾನು: ಅದು ಉಡುಗೊರೆ ಮೇಡಂ. ಕಾರಣದ ಪಟ್ಟೀಲಿ ಬರೀಲಿಲ್ಲ.

ಡಾಕ್ಟರು: ಗರಿ ಪುಡಿ ಕೆಲವರ ಶ್ವಾಸಕೋಶಕ್ಕೆ ಆಗಲ್ಲ. ಇದೇ ಅಂತ ಈಗಲೇ ಹೇಳಲ್ಲ. ಎಷ್ಟೋ ಸಲ ಕಾರಣ ಸಿಗೋದೇ ಇಲ್ಲ. ಪರೀಕ್ಷೆ ಮಾಡೋಣ. ಹೊದಿಕೆ ಮಾತ್ರ ಇವತ್ತೇ ಹೊರಗೆ. ಕಟ್ಟಿದ ಕಲೆ ಮಾಯವಾಗಲ್ಲ, ಹರಡದ ಹಾಗೆ ನೋಡಬಹುದು.

ನಾನು: ಅಂಗಡಿ?

ಡಾಕ್ಟರು: ಕಿಟಕಿ ತೆಗೆದಿಟ್ಟು, ಆಯಾಸ ಆಗದಷ್ಟು ಹೊಲೀಲಿ.

ಫೈಲು ಎತ್ತಿಕೊಂಡು ಹೊರಗೆ ಬಂದೆವು.

ನಾನು: ಕಾಯಿಲೇನ ನಾನೇ ತಂದು ಹೊದಿಸಿದೆ ಅಪ್ಪಾ.

ಅಪ್ಪ: ಬಿಡೋ. ಓದಿದ ಮಗ ಅಂತ ನಾನೂ ಬಾಯಿ ಬಿಡಲಿಲ್ಲ. ತಪ್ಪಲ್ಲಿ ನಂಗೂ ಅರ್ಧ ಪಾಲು ಕೊಡು, ಎಲ್ಲಾ ನೀನೇ ಇಟ್ಕೋಬೇಡ.

ಪರೀಕ್ಷೆಯೂ ಗರಿಯ ಕಡೆಗೇ ಬೆರಳು ತೋರಿಸಿತು. ಈಗ ಅಪ್ಪ ದಿನವೂ ಹತ್ತರಿಂದ ಒಂದರವರೆಗೆ ಅಂಗಡಿಯಲ್ಲಿ ಹೊಲಿಯುತ್ತಾರೆ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲಿ ಒಮ್ಮೆ ನಿಲ್ಲುತ್ತಾರೆ.