ಬಸ್ಸು ಹತ್ತಿ ಧರಣಿಗೆ ಬಂದ ಫೋನಿನ ಬಗ್ಗೆ

ಇಂದ:
ಇಸ್ತ್ರಿ ವಿಭಾಗದ ಕೆಲಸಗಾರ್ತಿ (ಸದ್ಯ ವಜಾ),
ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ ಕಾರ್ಖಾನೆ.
(ಹೆಸರು, ವಿಳಾಸ, ಮೊಬೈಲ್ ಸಂಖ್ಯೆಯನ್ನು ಬೇರೆ ಲಕೋಟೆಯಲ್ಲಿ ಅಂಟಿಸಿ ಕೊಟ್ಟಿದೆ. ದಯವಿಟ್ಟು ತಾವೇ ಒಡೆಯುವುದು.)

ಗೆ:
ಮಾನ್ಯ ಕಾರ್ಮಿಕ ಅಧಿಕಾರಿಗಳು,
ಕಾರ್ಮಿಕ ಕಚೇರಿ, ಎರಡನೇ ಮಹಡಿ.

ವಿಷಯ: ಮಂಜೂರಾದ ರಜೆಯ ದಿನ ಅರ್ಜಿದಾರಳ ಫೋನು ಧರಣಿಯ ಜಾಗದಲ್ಲಿ ಕಂಡುಬಂದಿತೆಂಬ ಕಾರಣಕ್ಕೆ ಆಕೆಯನ್ನು ಕೆಲಸದಿಂದ ತೆಗೆದಿರುವ ಆದೇಶವನ್ನು ರದ್ದುಪಡಿಸುವ ಬಗ್ಗೆ.

ಉಲ್ಲೇಖ: 1. ಕಾರ್ಖಾನೆಯ ವಜಾ ಆದೇಶ. 2. ತಮ್ಮ ಕಚೇರಿಯ ಮುಂದೆ ನಡೆದ ಧರಣಿ (ತಮ್ಮ ಕಿಟಕಿಯಿಂದ ಕಂಡಷ್ಟು).

ಮಾನ್ಯರೇ,

ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ, ಅರ್ಜಿದಾರಳು ಧರಣಿಯಲ್ಲಿ ಕೂತಿದ್ದು ನಿಜ. ಆದರೆ ಆಕೆ ಹೋದಾಗ ಫೋನು ಮನೆಯಲ್ಲಿತ್ತು. ಅದು ಹಿಂದಿನಿಂದ ಬಂದದ್ದು ಹೇಗೆ ಎಂಬುದನ್ನು ಕೆಳಗೆ ವಿವರಿಸಿದೆ.

1. ಸದರಿ ಕಾರ್ಖಾನೆಯಲ್ಲಿ ಎಲ್ಲರೂ ತಂತಮ್ಮ ಸ್ವಂತ ಫೋನಿನಲ್ಲಿ ಹಾಜರಿಯ ಆ್ಯಪ್ ಹಾಕಿಕೊಳ್ಳಬೇಕೆಂದು ಆದೇಶವಾಯಿತು. ಅದು ಬರೀ ಹಾಜರಿ ಹಿಡಿಯುವುದಿಲ್ಲ. ಯಾರು ಎಲ್ಲಿ ನಿಂತರು, ಎಷ್ಟು ಹೊತ್ತು ನಿಂತರು ಎಂದು ನೋಡುತ್ತದೆ. ಶೌಚಾಲಯದ ಕಡೆ ಹೆಜ್ಜೆ ಹಾಕಿದರೆ ಹೆಸರಿನ ಮುಂದೆ ಕೆಂಪು ಗುರುತು ಬೀಳುತ್ತದೆ. ಮನೆಗೆ ಹೋದ ಮೇಲೂ ಅದಕ್ಕೆ ನಿದ್ದೆಯಿಲ್ಲ.

2. ಅರ್ಜಿದಾರಳ ಪಕ್ಕದಲ್ಲೇ ಹಾಸಿಗೆಯ ಬಟ್ಟೆಗಳನ್ನು ಮಡಚುವ ಒಬ್ಬ ಗೆಳತಿ ಇದ್ದಳು. ಕೆಂಪು ಗುರುತಿಗೆ ಹೆದರಿ ಅವಳು ಕೆಲಸದ ಹೊತ್ತಿನಲ್ಲಿ ನೀರು ಕುಡಿಯುವುದನ್ನೇ ಬಿಟ್ಟಳು. ಇಸ್ತ್ರಿ ಯಂತ್ರದ ಬಿಸಿಗೆ ಮುಖ ಬೆಂದ ಹಾಗಿರುತ್ತಿತ್ತು. ಬಾಟಲಿ ಮುಂದೆ ಹಿಡಿದರೆ "ಬೇಡ ಕಣೇ, ಆಮೇಲೆ ಎದ್ದು ಹೋಗಬೇಕಾಗುತ್ತೆ" ಅನ್ನುತ್ತಿದ್ದಳು. ಕೊನೆಗೆ ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿ ಆಸ್ಪತ್ರೆ ಸೇರಿದಳು. ಅಲ್ಲಿ ಆಕೆಗೆ ಹಾಸಿದ್ದು ನಮ್ಮಲ್ಲೇ ಒಗೆದ ಚಾದರ. ಚೇತರಿಸಿಕೊಂಡು ಬಂದಾಗ ಗೈರುಹಾಜರಿಯ ಕಾರಣ ಅವಳ ಜಾಗಕ್ಕೆ ಬೇರೆಯವರು ಬಂದಿದ್ದರು. ಆದ್ದರಿಂದ ಧರಣಿ.

3. ಧರಣಿಯ ಸುದ್ದಿ ತಿಳಿದ ಕೂಡಲೇ ಸೂಪರ್‌ವೈಸರ್ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, "ಅವತ್ತು ಆ ರಸ್ತೆಯಲ್ಲಿ ಯಾರ ಫೋನ್ ಕಂಡರೂ ಅವರು ಮತ್ತೆ ಗೇಟ್ ಒಳಗೆ ಬರೋ ಹಾಗಿಲ್ಲ. ಮೇಲಿನವರ ಮಾತು, ನಂದಲ್ಲ" ಎಂದರು. ಹೇಳುವಾಗ ಯಾರ ಮುಖವನ್ನೂ ನೋಡಲಿಲ್ಲ.

4. ಅರ್ಜಿದಾರಳ ನಾದಿನಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಆಕೆ ಅತ್ತಿಗೆಯನ್ನು ಎದುರಿಗೆ ಕೂರಿಸಿಕೊಂಡು ಹೇಳಿದ್ದು: "ಫೋನ್ ತಗೊಂಡು ಹೋಗೋದಾದ್ರೆ ಬೆರಳು, ಮುಖ ತೋರಿಸಿ ತೆಗೆಯೋದನ್ನೆಲ್ಲ ಆಫ್ ಮಾಡಿ. ಯಾರಾದ್ರೂ ಕಸಿದುಕೊಂಡು ನಿಮ್ಮ ಬೆರಳು ಹಿಡಿದು ಒತ್ತಿಸಬಹುದು. ಉದ್ದದ ಪಾಸ್‌ವರ್ಡ್ ಇಡಿ. ಲೊಕೇಶನ್ ಆಫ್ ಮಾಡಿ. ಕೂತವರ ಫೋಟೋ ತೆಗೆದು ಯಾರಿಗೂ ಕಳಿಸಬೇಡಿ, ನಿಮ್ಮದಲ್ಲದೆ ಅವರ ಕೆಲಸವೂ ಹೋಗುತ್ತೆ. ಇಷ್ಟೆಲ್ಲ ತಾಪತ್ರಯ ಬೇಡ ಅಂದ್ರೆ ಮನೆಯಲ್ಲೇ ಬಿಟ್ಟು ಹೋಗಿ." ಅರ್ಜಿದಾರಳು ತಾಪತ್ರಯ ಬೇಡವೆಂದು ತೀರ್ಮಾನಿಸಿದಳು.

5. ಆದಕಾರಣ, ಆ ದಿನ ಬೆಳಿಗ್ಗೆ ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೆ ಚಾರ್ಜಿಗೆ ಹಾಕಿ, ನಾದಿನಿಯ ನಂಬರನ್ನು ಪೆನ್ನಿನಲ್ಲಿ ತೋಳಿನ ಮೇಲೆ ಬರೆದುಕೊಂಡು, ಅತ್ತೆಗೆ ಎಲ್ಲಿಗೆ ಹೋಗುತ್ತಿದ್ದೇನೆಂದು ಹೇಳಿ ಹೊರಟಳು. "ಅತ್ತೆ, ಯಾರು ಫೋನ್ ಮಾಡಿದ್ರೂ ನಾನು ಎಲ್ಲಿದೀನಿ ಅಂತ ಹೇಳಬೇಡಿ." ಅತ್ತೆ, "ನಾನ್ಯಾಕೆ ಹೇಳಲಿ" ಎಂದರು. ಫೋನನ್ನು ಎತ್ತಲೇಬೇಡಿ ಎಂದು ಹೇಳುವುದು ಅರ್ಜಿದಾರಳಿಗೆ ಹೊಳೆಯಲಿಲ್ಲ. ಲೋಪವಾಗಿದ್ದರೆ ಇದೊಂದೇ.

6. ಇತ್ತ ಕಾರ್ಖಾನೆಯಲ್ಲಿ, ಬೆಳಗ್ಗಿನಿಂದ ಫೋನು ಕೂದಲೆಳೆಯಷ್ಟೂ ಅಲುಗಾಡಿಲ್ಲವೆಂದು ಆ್ಯಪ್ ದೂರು ಕೊಟ್ಟಿತು. ಸೂಪರ್‌ವೈಸರ್ ಕರೆ ಮಾಡಿದರು. ಕರೆ ಬಂದಾಗ ಸುಮ್ಮನಿರುವುದು ಬಾಗಿಲಿಗೆ ಬಂದವರ ಮುಖಕ್ಕೆ ಬಾಗಿಲು ಹಾಕಿದಂತೆ ಎಂದು ತಿಳಿದಿರುವ ಅತ್ತೆ ಎತ್ತಿದರು. ನಡೆದ ಮಾತುಕತೆಯನ್ನು ಇಬ್ಬರೂ ನಂತರ ಹೇಳಿದ್ದು, ಎರಡೂ ತಾಳೆಯಾಗುತ್ತವೆ:

"ನಿಮ್ಮ ಸೊಸೆ ಎಲ್ಲಿ?"
"ಫೋನ್ ಇಲ್ಲೇ ಇದೆಯಪ್ಪ."
"ಫೋನ್ ಅಲ್ಲಮ್ಮ, ಸೊಸೆ."
"ಅದನ್ನ ಹೇಳಬೇಡಿ ಅಂದಿದಾಳೆ."
"ಸರಿ, ಹೇಳಬೇಡಿ. ಫೋನ್ ಅವಳ ಕೈಗೆ ಕೊಡಿ."
"ಅದಕ್ಕೇನಂತೆ, ಕೊಡ್ತೀನಿ. ಸ್ವಲ್ಪ ಹೊತ್ತಾಗುತ್ತೆ. ನೀನು ಇಟ್ಟುಬಿಡಬೇಡ."

7. ಅತ್ತೆ ಸೀರೆ ಬದಲಾಯಿಸಿ, ಬಾಗಿಲಿಗೆ ಬೀಗ ಹಾಕಿ, ಫೋನನ್ನು ಕೈಯಲ್ಲಿ ಹಿಡಿದು ಬಸ್ಸು ಹತ್ತಿದರು. ಕರೆ ನಡೆದೇ ಇತ್ತು. ನಡುನಡುವೆ ಕಿವಿಗಿಟ್ಟುಕೊಂಡು "ಇದೀಯಾ ಅಪ್ಪ? ಸಿಗ್ನಲ್‌ನಲ್ಲಿ ನಿಂತಿದೆ" ಎಂದು ತಿಳಿಸುತ್ತಿದ್ದರು. ಸೂಪರ್‌ವೈಸರ್ ಪರದೆಯ ಮೇಲೆ ಚುಕ್ಕಿಯೊಂದು ಬಸ್ಸಿನ ದಾರಿ ಹಿಡಿದು ಕಾರ್ಮಿಕ ಕಚೇರಿಯ ಕಡೆ ತೆವಳುವುದನ್ನು ನೋಡುತ್ತ ಕೂತಿದ್ದರು.

8. ಧರಣಿಯಲ್ಲಿ ಹಿಂದಿನ ಸಾಲಿನಲ್ಲಿ ತಲೆ ತಗ್ಗಿಸಿ ಕೂತಿದ್ದ ಅರ್ಜಿದಾರಳ ಮುಂದೆ ಅತ್ತೆ ಬಂದು ನಿಂತು, "ತಗೋ, ನಿಮ್ಮ ಸಾಹೇಬರು. ಪಾಪ, ಆಗಿನಿಂದ ಕಾಯ್ತಿದಾರೆ" ಎಂದರು. ಅಕ್ಕಪಕ್ಕದವರು ಮುಖಕ್ಕೆ ಸೆರಗು ಎಳೆದುಕೊಂಡರು. ಅರ್ಜಿದಾರಳು ಲೊಕೇಶನ್ ಆಫ್ ಮಾಡಿದಳಾದರೂ ಆಗ ಕಾಲ ಮಿಂಚಿತ್ತು. ಫೋನನ್ನು ಕಿವಿಗಿಡದೆ ಕೈಯಲ್ಲೇ ಹಿಡಿದು ಕೂತಳು.

9. ಅಷ್ಟರಲ್ಲಿ ಅತ್ತೆ ಮಡಚುವ ವಿಭಾಗದ ಗೆಳತಿಯ ಪಕ್ಕ ಕೂತಿದ್ದರು. "ಏನಮ್ಮ, ಇಷ್ಟು ಸೊರಗಿದೀಯ?" ಎಂದು ಕೇಳಿದರು. ಅವಳು ಹೇಳಿದಳು. ಅತ್ತೆ ಕೇಳಿಸಿಕೊಂಡು, ಸೊಸೆಯ ಕೈಯಿಂದ ಫೋನು ವಾಪಸ್ ತೆಗೆದುಕೊಂಡರು. ಅರ್ಜಿದಾರಳು ಸ್ಪೀಕರ್ ಒತ್ತಿದಳು. ಅತ್ತೆ ದನಿ ಏರಿಸಲಿಲ್ಲ.

"ಏನಪ್ಪ, ಈ ಹುಡುಗಿ ನೀರು ಕುಡಿಯೋದೇ ಬಿಟ್ಟಿದ್ದಳಂತೆ. ನಿನಗೆ ಗೊತ್ತಿತ್ತಾ?"

ಆ ಕಡೆಯಿಂದ ಸೂಪರ್‌ವೈಸರ್, "ಗೊತ್ತಿತ್ತಮ್ಮ. ನನ್ನ ಫೋನಲ್ಲೂ ಅದೇ ಇದೆ. ಬೆಳಗ್ಗಿಂದ ನಾನೂ ಎದ್ದಿಲ್ಲ" ಎಂದರು.

"ಹಾಗಾದ್ರೆ ಫೋನನ್ನ ಮೇಜಿನ ಮೇಲಿಟ್ಟು ಎದ್ದು ಹೋಗಿ ಬಾ. ಆಮೇಲೆ ಮಾತಾಡೋಣ."

ಫೋನು ಮೇಜಿನ ಮೇಲೆ ಇಟ್ಟ ಸದ್ದು ಕೇಳಿತು. ಧರಣಿಯ ಹಿಂದಿನ ಸಾಲಿನವರೆಲ್ಲ ಕಾದರು. ಸೆರಗು ಎಳೆದುಕೊಂಡವರೂ ಹತ್ತಿರ ಸರಿದು ಬಂದರು. ಕೊನೆಗೆ "ಬಂದೆ" ಎಂಬ ಮಾತು ಬಂತು. ಯಾರೂ ನಗಲಿಲ್ಲ. ಅತ್ತೆ "ನೀರು ಕುಡಿದೆಯಾ?" ಎಂದರು. "ಕುಡಿದೆ" ಎಂದರು.

10. ಮರುದಿನ ಅರ್ಜಿದಾರಳಿಗೆ ವಜಾ ಆದೇಶ ಬಂತು. ಧರಣಿಯ ಗುಂಪಿಗೆ ಆಕೆಯೇ ಕುಮ್ಮಕ್ಕು ಕೊಟ್ಟದ್ದನ್ನು ಫೋನಿನಲ್ಲಿ ಕೇಳಿದ್ದಾಗಿ ಬರೆದುಕೊಡಬೇಕೆಂದು ಸೂಪರ್‌ವೈಸರ್‌ಗೆ ಹೇಳಲಾಯಿತು. ಅವರು, "ನಾನು ಕೇಳಿದ್ದು ಆಕೆಯ ಅತ್ತೆಯ ದನಿ ಮಾತ್ರ. ಅವರು ಹೇಳಿದ್ದು ನೀರು ಕುಡಿ ಅಂತ" ಎಂದು ಬರೆದುಕೊಟ್ಟರು. ಆ ಕಾರಣಕ್ಕೆ ಅವರೂ ಈಗ ಸದರಿ ಹುದ್ದೆಯಲ್ಲಿ ಇಲ್ಲ. ಮೇಲಿನ ಅಂಶಗಳಲ್ಲಿ ಅವರಿಗೆ ಮತ್ತು ಗೆಳತಿಗೆ ಸಂಬಂಧಿಸಿದ್ದನ್ನು ಅವರಿಬ್ಬರ ಒಪ್ಪಿಗೆ ಪಡೆದೇ ಬರೆದಿದೆ. ಒಪ್ಪದ ಒಂದೆರಡು ಮಾತುಗಳನ್ನು ಬಿಟ್ಟಿದೆ.

11. ಆದೇಶ ಬಂದ ದಿನ ಅತ್ತೆ ಊಟ ಮಾಡಲಿಲ್ಲ. "ನನ್ನಿಂದಲೇ ಆಯ್ತು" ಎಂದು ಗೋಡೆಗೆ ಮುಖ ಮಾಡಿ ಕೂತರು. ಅರ್ಜಿದಾರಳು ತಟ್ಟೆ ತಂದು ಎದುರಿಗೆ ಕೂತು, "ನೀವು ಬರದೇ ಇದ್ದಿದ್ರೆ ನಾನು ಹಿಂದಿನ ಸಾಲಲ್ಲಿ ಕೂತು, ಸದ್ದಿಲ್ಲದೆ ಎದ್ದು ಬಂದು, ಮಾರನೇ ದಿನ ಇಸ್ತ್ರಿ ಹಾಕ್ತಿದ್ದೆ, ಅಷ್ಟೇ. ಊಟ ಮಾಡಿ ಅತ್ತೆ" ಎಂದಳು. ಇದು ಸಮಾಧಾನಕ್ಕೆ ಹೇಳಿದ್ದಲ್ಲ. ಆದ್ದರಿಂದ ಇಲ್ಲಿ ದಾಖಲಿಸಿದೆ.

ಆದ್ದರಿಂದ ಮಾನ್ಯರು ದಯಮಾಡಿ ಅರ್ಜಿದಾರಳು, ಗೆಳತಿ ಮತ್ತು ಸೂಪರ್‌ವೈಸರ್ ಮೂವರನ್ನೂ ಕೆಲಸಕ್ಕೆ ಮರಳಿ ತೆಗೆದುಕೊಳ್ಳಲು ಆದೇಶಿಸಬೇಕೆಂದೂ, ಸ್ವಂತ ಫೋನಿನಲ್ಲಿರುವ ಸದರಿ ಆ್ಯಪನ್ನು ತೆಗೆದುಹಾಕಲು ಅನುಮತಿ ಕೊಡಿಸಬೇಕೆಂದೂ, ರಜೆಯ ದಿನ ಕೆಲಸಗಾರರು ಎಲ್ಲಿರುತ್ತಾರೆಂಬುದು ಅವರ ಮನೆಯವರಿಗಷ್ಟೇ ತಿಳಿದಿದ್ದರೆ ಸಾಕೆಂದು ಕಾರ್ಖಾನೆಗೆ ತಿಳಿವಳಿಕೆ ಹೇಳಬೇಕೆಂದೂ ಕೋರಲಾಗಿದೆ.

ತಮ್ಮ ವಿಶ್ವಾಸಿ,
(ಸಹಿ ಬೇರೆ ಲಕೋಟೆಯಲ್ಲಿದೆ)

ಲಗತ್ತುಗಳು:
1. ವಜಾ ಆದೇಶದ ಪ್ರತಿ.
2. ಮಂಜೂರಾದ ರಜೆಯ ಚೀಟಿ.
3. ಗೆಳತಿಯ ಆಸ್ಪತ್ರೆಯ ಕಾಗದ, ಆಕೆಯ ಅನುಮತಿಯೊಂದಿಗೆ.
4. ಅತ್ತೆಯವರ ಬಸ್ ಟಿಕೆಟ್. (ಫೋನಿಗೆ ಬೇರೆ ಟಿಕೆಟ್ ತೆಗೆದುಕೊಂಡಿಲ್ಲ.)

ವಿ.ಸೂ.: ವಿಚಾರಣೆಗೆ ಮೂವರೂ ತಪ್ಪದೆ ಹಾಜರಾಗುತ್ತೇವೆ. ಆ ದಿನ ಕಲಾಪ ಆರಂಭಿಸುವ ಮುನ್ನ ಶೌಚಾಲಯ ಯಾವ ಕಡೆ ಇದೆಯೆಂದು ತಾವೇ ಒಮ್ಮೆ ಹೇಳಿಬಿಡಬೇಕಾಗಿ ವಿನಂತಿ. ಕೇಳುವ ಅಭ್ಯಾಸ ನಮಗೆ ಇನ್ನೂ ಆಗಿಲ್ಲ.